ರಿಸ್ಟೋರ್‌ಗೆ ಎಷ್ಟು ಜಾಗ ಬಿಡೋದು? ಅನುಭವ ಇದ್ದವರು ಹೇಳಿ

ಪ್ರಶ್ನೆ, ಚಿತ್ರದುರ್ಗದಿಂದ:
ನನ್ನದು 256 ಜಿಬಿ ಎಸ್‌ಎಸ್‌ಡಿ ಇರೋ ಲ್ಯಾಪ್‌ಟಾಪ್, ವಿಂಡೋಸ್ 10. ಸಿ ಡ್ರೈವ್‌ನಲ್ಲಿ 18 ಜಿಬಿ ಅಷ್ಟೇ ಖಾಲಿ ಉಳಿದಿದೆ. ಸಿಸ್ಟಮ್ ರಿಸ್ಟೋರ್‌ಗೆ (ವಿಂಡೋಸ್ ಕೆಟ್ಟರೆ ಹಿಂದಿನ ಸ್ಥಿತಿಗೆ ತರೋ ಸೌಲಭ್ಯ) ಎಷ್ಟು ಜಾಗ ಕೊಡಲಿ? ತಮ್ಮ ಪೂರ್ತಿ ಆಫ್ ಮಾಡು ಅಂತಾನೆ, ಪಕ್ಕದ ಮನೆಯವರು 15 ಪರ್ಸೆಂಟ್ ಇಡಿ ಅಂತಾರೆ. ಟ್ಯೂಷನ್ ಹೇಳುತ್ತೇನೆ, ನೋಟ್ಸ್ ಎಲ್ಲ ಇದರಲ್ಲೇ ಇವೆ.

ದಾವಣಗೆರೆ, ಡಿಟಿಪಿ ಅಂಗಡಿಯವನು:
ಮೇಡಂ, ಆಫ್ ಮಾತ್ರ ಮಾಡಬೇಡಿ. ಕೈ ಸುಟ್ಟುಕೊಂಡು ಹೇಳ್ತಿದ್ದೀನಿ.

ಲಗ್ನದ ಸೀಸನ್. ಸಿ ಡ್ರೈವ್ ಕೆಂಪಗಾಗಿತ್ತು. ಜಾಗ ಸಿಗಲಿ ಅಂತ ರಿಸ್ಟೋರ್‌ಗೆ ಎಷ್ಟು ಜಾಗ ಅಂತ ಹೇಳೋ ಗೀಟನ್ನು 1 ಪರ್ಸೆಂಟ್‌ಗೆ ಎಳೆದುಬಿಟ್ಟೆ, ಅಂದ್ರೆ ಎರಡು ಜಿಬಿ ಚಿಲ್ಲರೆ. ವಾರ ಕಳೆದು ಪ್ರಿಂಟರ್ ಡ್ರೈವರ್ ಅಪ್‌ಡೇಟ್ ಆಯಿತು, ಪ್ರಿಂಟರ್ ಮಾತೇ ಆಡಲಿಲ್ಲ. ಹಿಂದಕ್ಕೆ ಹೋಗೋಣ ಅಂತ ರಿಸ್ಟೋರ್ ತೆರೆದರೆ ಒಂದೇ ಒಂದು ರಿಸ್ಟೋರ್ ಪಾಯಿಂಟ್, ಅಂದ್ರೆ ಹಿಂದಿರುಗೋಕೆ ಉಳಿಸಿಟ್ಟ ಸ್ಥಿತಿ. ಅದೂ ಡ್ರೈವರ್ ಬಂದ ಮೇಲಿನದು! ಜಾಗ ಸಾಲದಿದ್ದಾಗ ವಿಂಡೋಸ್ ಹಳೆಯದನ್ನು ಅಳಿಸಿ ಹೊಸದಕ್ಕೆ ಜಾಗ ಮಾಡುತ್ತದೆ. ನಮಗೆ ಬೇಕಾಗೋದು ಹಳೆಯದೇ, ಅಲ್ವಾ? ರಾತ್ರಿಯೆಲ್ಲ ಕೂತು ವಿಂಡೋಸ್ ಹಾಕಿ, ನುಡಿ ಹಾಕಿ, ಫಾಂಟ್ ಹಾಕಿ, ಬೆಳಿಗ್ಗೆ ಲಗ್ನಪತ್ರಿಕೆಯವರು ಬಂದಾಗ ಕಣ್ಣು ಕೆಂಪು.

ಈಗ 5 ಪರ್ಸೆಂಟ್ ಇಟ್ಟಿದ್ದೀನಿ. ನಿಮ್ಮ ಡಿಸ್ಕ್‌ಗೆ ಅದು ಸುಮಾರು 12 ಜಿಬಿ. ಆದರೆ ಅದು ಈಗಲೇ ಬೇಲಿ ಹಾಕಿ ಎತ್ತಿಡೋ ಜಾಗ ಅಲ್ಲ, ಮಿತಿ ಅಷ್ಟೇ. ಪಾಯಿಂಟ್ ಸೇರಿದ ಹಾಗೆ ತುಂಬಿಕೊಳ್ಳುತ್ತದೆ. 18 ಜಿಬಿಯಲ್ಲಿ ತುಂಬ ಬಿಗಿ ಅನ್ನಿಸಿದರೆ 3 ಪರ್ಸೆಂಟ್‌ಗೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. 15 ಅನ್ನೋದು ವಿಸ್ತಾ ಕಾಲದ ಲೆಕ್ಕ, ಎಕ್ಸ್‌ಪಿಯಲ್ಲಿ 12 ಇತ್ತು. ವಿಂಡೋಸ್ 7ಕ್ಕೆ ಬರುವಷ್ಟರಲ್ಲಿ ದೊಡ್ಡ ಡಿಸ್ಕ್‌ಗಳಿಗೆ 5 ಪರ್ಸೆಂಟ್ ಇಲ್ಲವೇ 10 ಜಿಬಿ, ಯಾವುದು ಕಡಿಮೆಯೋ ಅದು ಅಂತ ಆಯಿತು. ಪಕ್ಕದ ಮನೆಯವರು ಸ್ವಲ್ಪ ಹಳಬರು ಅನ್ಸುತ್ತೆ.

ಡಿ ಡ್ರೈವ್‌ಗೆ ಸುಮ್ನೆ ಆನ್ ಮಾಡೋದು ಬೇಡ. ವಿಂಡೋಸ್ ಇರೋದು ಸಿ ಡ್ರೈವ್‌ನಲ್ಲಿ.

ದಾವಣಗೆರೆ, ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವವನು:
ಒಂದು ಮಾತು ಸೇರಿಸ್ತೀನಿ. ರಿಸ್ಟೋರ್ ಮಾಡಿದರೆ ಅಳಿಸಿಹೋದ ಫೈಲ್ ಬರುತ್ತೆ ಅಂತ ನಾನೂ ನಂಬಿದ್ದೆ. ಬರಲಿಲ್ಲ. ಅದು ನೋಡೋದು ವಿಂಡೋಸ್ ಫೈಲ್, ಡ್ರೈವರ್, ಪ್ರೋಗ್ರಾಂ, ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಪಟ್ಟಿ). ನಿಮ್ಮ ನೋಟ್ಸ್ ಕಡೆ ತಿರುಗಿಯೂ ನೋಡಲ್ಲ. ಇದ್ದದ್ದು ಇರುತ್ತೆ, ಹೋದದ್ದು ಹೋದಂಗೆ. ನಾನು ದಿನಾ ಸಂಜೆ ಲೆಕ್ಕದ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿಕೊಂಡೇ ಮನೆಗೆ ಹೋಗೋದು.

ದಾವಣಗೆರೆ, ಇಂಜಿನಿಯರಿಂಗ್ ಓದುವ ಹುಡುಗ:
ಅಕ್ಕಾ, ಜಾಗ ಬೇಕು ಅಂತ ರಿಕವರಿ ಪಾರ್ಟಿಷನ್‌ಗೆ (ರಿಪೇರಿಗೆ ಅಂತಲೇ ಡಿಸ್ಕ್‌ನಲ್ಲಿ ಬೇರೆ ಇಟ್ಟಿರೋ ಭಾಗ) ಕೈ ಹಾಕಬೇಡಿ. ನಾನು ಹಾಸ್ಟೆಲ್‌ನಲ್ಲಿ ಗೇಮ್ ಹಾಕೋಕೆ ಅಂತ ಕಂಪನಿಯವರು ಕೊಟ್ಟಿದ್ದ 15 ಜಿಬಿ ಪಾರ್ಟಿಷನ್ ಅಳಿಸಿದೆ. ಆಮೇಲೆ ಲ್ಯಾಪ್‌ಟಾಪ್ ಮೊದಲಿನ ಸ್ಥಿತಿಗೆ ತರೋಕೆ ದಾರಿಯೇ ಇರಲಿಲ್ಲ. ವಿಂಡೋಸ್‌ನದೇ ಒಂದು ಚಿಕ್ಕ ರಿಕವರಿ ಪಾರ್ಟಿಷನ್ ಬೇರೆ ಇರುತ್ತೆ, ಅದು ತೀರಾ ಚಿಕ್ಕದಾದರೂ ಕಷ್ಟ. 2024ರ ಜನವರಿಯ ಒಂದು ಸೆಕ್ಯುರಿಟಿ ಅಪ್‌ಡೇಟ್‌ಗೆ ಅದರಲ್ಲಿ 250 ಎಂಬಿ ಖಾಲಿ ಬೇಕಿತ್ತು. ಇಲ್ಲದವರಿಗೆ 0x80070643 ಅಂತ ಎರರ್. ನಮ್ಮ ರೂಮ್‌ನಲ್ಲಿ ಮೂವರಿಗೆ ಬಂತು. ಜಾಗ ಬೇಕಿದ್ದರೆ ಡಿಸ್ಕ್ ಕ್ಲೀನಪ್ ಓಡಿಸಿ, ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಸಿನಿಮಾಗಳು ಅಲ್ಲೇ ಮಲಗಿರ್ತವೆ.

ಡಿಟಿಪಿ ಅಂಗಡಿಯವನು:
ಹುಡುಗ ಸರಿ ಹೇಳಿದ. ಮೇಡಂ, ಸ್ಟಾರ್ಟ್‌ನಲ್ಲಿ 'ರಿಸ್ಟೋರ್ ಪಾಯಿಂಟ್' ಅಂತ ಟೈಪ್ ಮಾಡಿ, ಸಿ ಡ್ರೈವ್ ಆರಿಸಿ, ಕಾನ್ಫಿಗರ್ ಒತ್ತಿ. ಈಗ ಎಷ್ಟು ಬಳಕೆಯಾಗಿದೆ ಅಂತ ಅಲ್ಲೇ ತೋರಿಸುತ್ತೆ. ಕೆಳಗಿರೋ ಡಿಲೀಟ್ ಬಟನ್ ಮುಟ್ಟಬೇಡಿ, ಎಲ್ಲ ಪಾಯಿಂಟ್ ಒಂದೇ ಏಟಿಗೆ ಹೋಗ್ತವೆ.

ಚಿತ್ರದುರ್ಗ, ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ತೆರೆದು ನೋಡಿದೆ. ಎಷ್ಟು ಇಡೋದು ಅಂತ ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದು ದಂಡ, ಸಿ ಡ್ರೈವ್ ಮುಂದೆ 'ಆಫ್' ಅಂತಲೇ ಇತ್ತು! ತಮ್ಮನನ್ನು ಕೇಳಿದರೆ ಅವನು ಮುಟ್ಟಿಲ್ಲವಂತೆ. ಈಗ ಆನ್ ಮಾಡಿ 5ಕ್ಕೆ ಇಟ್ಟೆ, ಮೊದಲ ಪಾಯಿಂಟ್ ಕೈಯಿಂದಲೇ ಮಾಡಿದೆ. ನೋಟ್ಸ್ ಪೆನ್‌ಡ್ರೈವ್‌ಗೆ ಕಾಪಿ ಆಗ್ತಾ ಇದೆ, ಇನ್ನೂ 11 ನಿಮಿಷ ಅಂತ ತೋರಿಸ್ತಿದೆ.