ಸೋಮವಾರ ಹತ್ತು ಗಂಟೆಗೆ ಬೈಬಲ್ ವಾಕ್ಯ ಎಲ್ಲಿರುತ್ತದೆ? ನಿಮ್ಮ ಅನುಭವ ಹೇಳಿ

ಕೇಳಿದವರು: ಗದಗದವಳು, ಈಗ ಬೆಂಗಳೂರು

ಎಲ್ಲರಿಗೂ ವಂದನೆಗಳು. ನಮ್ಮದು ಗದಗ-ಬೆಟಗೇರಿಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಚರ್ಚ್) ಕುಟುಂಬ. ಸಂಡೇ ಸ್ಕೂಲು, ಕ್ವಾಯರ್, ರಾತ್ರಿಯ ಕುಟುಂಬ ಪ್ರಾರ್ಥನೆ, ಇವೆಲ್ಲದರ ನಡುವೆಯೇ ಬೆಳೆದವಳು. ಎರಡು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಬೆಳಿಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಏಳೆಂಟು ವಾಕ್ಯ ಬಂದಿರುತ್ತವೆ. ಎಲ್ಲದಕ್ಕೂ ಆಮೆನ್ ಹಾಕಿ ಬಸ್ ಹತ್ತುತ್ತೇನೆ. ಹತ್ತು ಗಂಟೆಗೆ ಮ್ಯಾನೇಜರ್ ಎದುರು ಕೂತಾಗ ಒಂದೂ ನೆನಪಿರುವುದಿಲ್ಲ. ಇದರ ಮೇಲೆ, ಅಪ್ಪ ತೀರಿಕೊಂಡ ನಂತರ ಮನೆಯ ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಎಂಟು ತಿಂಗಳಿಂದ ಮಾತಿಲ್ಲ. ಉಪದೇಶದ ಪ್ರಸಂಗ ಬೇಡ, ಅದನ್ನು ಚರ್ಚಿನಲ್ಲಿ ಕೇಳುತ್ತೇನೆ. ನೀವು ಮನೆಯಲ್ಲಿ, ಕೆಲಸದಲ್ಲಿ ನಿಜವಾಗಿ ಏನು ಮಾಡುತ್ತೀರಿ ಎಂಬುದನ್ನು ಹೇಳಿ.

ಹುಬ್ಬಳ್ಳಿಯಿಂದ, ಕಿರಾಣಿ ಅಂಗಡಿಯವರು

ತಂಗಿ, ನಮ್ಮದು ಅಪ್ಪಾರ ಕಾಲದ ಅಂಗಡಿ. ತಕ್ಕಡಿ ಎದುರಿನ ಗ್ವಾಡಿಗೆ ಅಪ್ಪಾರು ಒಂದು ರಟ್ಟಿನ ಮ್ಯಾಲ ಜ್ಞಾನೋಕ್ತಿ 11:1 ಬರದು ಹಚ್ಚಿದ್ರು. ಮೋಸದ ತಕ್ಕಡಿ ದೇವ್ರಿಗೆ ಅಸಹ್ಯ, ನ್ಯಾಯದ ತೂಕ ಆತಗ ಸಂತೋಷ ಅನ್ನೂ ಮಾತು. ಗಿರಾಕಿಗೆ ಅದು ಕಾಣ್ತಿದ್ದಿಲ್ಲ. ತೂಗಾವನ ಕಣ್ಣಿಗಷ್ಟ ಬೀಳೂ ಹಂಗ ಹಚ್ಚಿದ್ರು.

ಈಗ ಎಲೆಕ್ಟ್ರಾನಿಕ್ ತಕ್ಕಡಿ ಬಂದೈತಿ, ಇಲಾಖೆಯವರ ಮುದ್ರಿ ಹಾಕಿಸ್ತೀವಿ. ಇನ್ನ ಈ ವಾಕ್ಯಕ್ಕ ಕೆಲಸ ಇಲ್ಲ ಅಂತ ನಾನೂ ಅನ್ಕೊಂಡಿದ್ದೆ. ಒಂದು ದೀಪಾವಳಿಗೆ ಗೋಡಂಬಿ, ಒಣದ್ರಾಕ್ಷಿ ಡಬ್ಬಿಗೆ ತುಂಬಿ ಮಾರಾಕ ಇಟ್ಟಿದ್ವಿ. ರಟ್ಟಿನ ಡಬ್ಬಿ ಭಾಳ ದಪ್ಪ. ಡಬ್ಬಿ ಸಮೇತ ತೂಗಿದ್ರ ರಟ್ಟೂ ಗೋಡಂಬಿ ರೇಟಿನಾಗ ಹೋಗತೈತಿ. ಹುಡುಗ ತೂಗಿ ತೂಗಿ ಇಡಾಕತ್ತಿದ್ದ, ನಾನು ಆ ಗ್ವಾಡಿ ನೋಡಿದೆ. ಎಲ್ಲಾ ಡಬ್ಬಿ ಬಿಚ್ಚಿಸಿ, ಖಾಲಿ ಡಬ್ಬಿ ತಕ್ಕಡಿ ಮ್ಯಾಲ ಇಟ್ಟು ಸೊನ್ನಿ ಮಾಡಿ, ಮತ್ತ ತೂಗಿಸಿದೆ. ಆ ರಾತ್ರಿ ಹನ್ನೊಂದರ ಮಟ ಕೂತ್ವಿ. ಹುಡುಗಗ ಸಿಟ್ಟು ಬಂದಿತ್ತು, ಅದೂ ಖರೇ.

ಆದ್ರ ನಾ ಹೇಳಬೇಕಂದದ್ದು ಉದ್ರಿ ಪುಸ್ತಕದ ಮಾತು. ನಾವು ಪರಲೋಕದ ತಂದೆಯ ಪ್ರಾರ್ಥನೆಯೊಳಗ 'ನಮ್ಮ ತಪ್ಪುಗಳನ್ನು ಕ್ಷಮಿಸು' ಅಂತೀವಲ್ಲ, ಮತ್ತಾಯ 6:12ರಾಗ ಮೂಲ ಗ್ರೀಕಿನ ಶಬ್ದಕ್ಕ 'ಸಾಲ' ಅಂತ ಅರ್ಥ ಅಂತ ನಮ್ಮ ಚರ್ಚಿನ ಅಯ್ಯನವರು (ಸಭಾಪಾಲಕರು) ಒಂದು ಸಲ ಹೇಳಿದ್ರು. ನಮ್ಮ ಸಾಲ ಬಿಡು, ನಾವೂ ನಮ್ಮ ಸಾಲಗಾರರಿಗೆ ಬಿಟ್ಟೀವಿ ಅಂತ. ಅವತ್ತು ನನಗ ನಿದ್ದಿ ಬರಲಿಲ್ಲ. ದಿನಾ ಸಂಜಿಕೆ ಅಂಗಡಿ ಬಾಗಿಲು ಹಾಕೂ ಮುಂದ ಆ ಪ್ರಾರ್ಥನೆ ಹೇಳ್ತೀನಿ, ಕೈಯಾಗ ಉದ್ರಿ ಪುಸ್ತಕ ಇರತೈತಿ!

ಆವತ್ತಿನಿಂದ ಪ್ರತಿ ಕ್ರಿಸ್‌ಮಸ್ ಹಿಂದಿನ ವಾರ ಪುಸ್ತಕ ತಗದು ಕೂಡ್ತೀನಿ. ಎಲ್ಲಾರದ್ದೂ ಹೊಡಿಯಂಗಿಲ್ಲ, ಹೊಡದ್ರ ಅಂಗಡಿ ಉಳಿಯಂಗಿಲ್ಲ. ಕೊಡೂ ಶಕ್ತಿ ಇದ್ದಾವ್ರನ್ನ ಮನಿಗೆ ಹೋಗಿ ಕೇಳ್ತೀನಿ, ಅದಕ್ಕ ನನಗ ಸಂಕೋಚ ಇಲ್ಲ. ಗಂಡ ಸತ್ತಾಕಿ, ದವಾಖಾನಿಗೆ ಎಲ್ಲಾ ಹಾಕಿ ಕೂತಾವ, ಅಂಥಾ ಎರಡೋ ಮೂರೋ ಹೆಸರಿನ ಮ್ಯಾಲ ಗೀಟು ಎಳಿತೀನಿ. ಎಳದು ಸುಮ್ಮನ ಇರಂಗಿಲ್ಲ, ಅವ್ರಿಗೆ ಹೇಳ್ತೀನಿ. ಹೇಳದಿದ್ರ ಅವ್ರು ಸಾಲದ ನಾಚಿಕಿಗೆ ನಮ್ಮ ಓಣಿ ಬಿಟ್ಟು ಸುತ್ತ ಹಾಕಿ ಹೋಗ್ತಾರ. ಒಬ್ಬಾಕಿ ನಾಲ್ಕು ವರ್ಷ ಹಂಗ ಸುತ್ತ ಹಾಕಿ ಹೋಗಿದ್ಲು. ಈಗ ಅಂಗಡಿಗೆ ಬರ್ತಾಳ, ರೊಕ್ಕ ಕೊಟ್ಟ ಒಯ್ತಾಳ.

ನಿಮಗ ನಾ ಹೇಳೂದು ಇಷ್ಟ. ಏಳೆಂಟು ವಾಕ್ಯ ಬ್ಯಾಡ. ನಿಮ್ಮ ಕೈ ದಿನಾ ಮುಟ್ಟೂ ವಸ್ತುವಿಗೆ ತಾಗೂ ಒಂದು ವಾಕ್ಯ ಹುಡುಕರಿ, ಅದರ ಎದುರಿಗೇ ಬರದು ಇಡರಿ.

ಮಂಗಳೂರಿನಿಂದ, ಶಾಲಾ ಶಿಕ್ಷಕಿ

ನಾವು ಕ್ಯಾಥೊಲಿಕರು, ಮನೆಯಲ್ಲಿ ಕೊಂಕಣಿ. ನನಗೆ ಓದುವುದಕ್ಕಿಂತ ಹೆಚ್ಚು ಉಪಕಾರವಾದದ್ದು ರಾತ್ರಿಯ ಆತ್ಮಶೋಧನೆ. ಹದಿನಾರನೇ ಶತಮಾನದಲ್ಲಿ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ಕ್ರಮ ಅದು. ತೇರ್ಸ್ (ಜಪಮಾಲೆಯ ಪ್ರಾರ್ಥನೆ), ಊಟ, ಪಾತ್ರೆ ಎಲ್ಲ ಮುಗಿದ ಮೇಲೆ ಹತ್ತು ನಿಮಿಷ ಅಡುಗೆಮನೆಯ ಸ್ಟೂಲಿನಲ್ಲಿಯೇ ಕೂರುತ್ತೇನೆ. ಮೊದಲು ದಿನಕ್ಕಾಗಿ ಕೃತಜ್ಞತೆ, ಮತ್ತೆ ಸರಿಯಾಗಿ ನೋಡಲು ಬೆಳಕು ಕೇಳುವುದು, ಬೆಳಗಿನಿಂದ ಗಂಟೆ ಗಂಟೆ ನೆನಪು ಮಾಡುವುದು, ತಪ್ಪಿದ ಕಡೆ ಕ್ಷಮೆ ಕೇಳುವುದು, ಕೊನೆಗೆ ನಾಳೆಯದ್ದು.

ಒಂದು ತಿಂಗಳು ಮಾಡಿದಾಗ ಒಂದು ವಿಷಯ ಗೊತ್ತಾಯಿತು. ದಿನವೂ ನಾನು ಜಾರುವುದು ಒಂದೇ ಸ್ಥಳದಲ್ಲಿ. ಅತ್ತೆಗೆ ಮರೆವಿನ ಕಾಯಿಲೆ ಉಂಟು. ಮಗ ಇನ್ನೂ ಬರಲಿಲ್ಲವಾ ಎಂದು ಸಂಜೆ ಐದರಿಂದ ಏಳರವರೆಗೆ ಇಪ್ಪತ್ತು ಸಲ ಕೇಳುತ್ತಾರೆ. ನನ್ನ ಸಿಟ್ಟೆಲ್ಲ ಆ ಎರಡು ಗಂಟೆಯಲ್ಲಿ. ಹಾಗಾಗಿ ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ, ಸಿಟ್ಟಿನಲ್ಲಿಯೂ ನಿಧಾನ ಎಂಬ ಯಾಕೋಬ 1:19ನ್ನು ಆ ಎರಡು ಗಂಟೆಗೆಂದೇ ಇಟ್ಟುಕೊಂಡೆ. ಇಪ್ಪತ್ತನೇ ಸಲವೂ ಮೊದಲನೇ ಸಲ ಕೇಳಿದ ಹಾಗೆ 'ಬರ್ತಾರೆ ಮಾಮಿ, ಬಸ್ಸಿನಲ್ಲಿ ಇದ್ದಾರೆ' ಎಂದು ಹೇಳುವುದು. ಎಲ್ಲ ದಿನ ಆಗುವುದಿಲ್ಲ. ಆಗದ ದಿನ ರಾತ್ರಿ ಸ್ಟೂಲಿನಲ್ಲಿ ಕೂತು ಅಳುತ್ತೇನೆ, ಮತ್ತೆ ಅವರ ಹೊದಿಕೆ ಸರಿ ಮಾಡಿ ಮಲಗುತ್ತೇನೆ.

ಮೈಸೂರು, ನಿವೃತ್ತ ಸಭಾಪಾಲಕ

ಮಗಳೇ, ಪ್ರಸಂಗ ಬೇಡ ಎಂದಿದ್ದೀಯ, ಮಾಡುವುದಿಲ್ಲ. ಓದುವ ರೀತಿಯ ಬಗ್ಗೆ ಒಂದು ಮಾತು, ಆಮೇಲೆ ನನ್ನ ಒಂದು ತಪ್ಪಿನ ಬಗ್ಗೆ.

ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಒಂದೊಂದು ವಚನ ಬರೆದ ವಾಗ್ದಾನದ ಕಾರ್ಡ್ ಎತ್ತಿಕೊಳ್ಳುತ್ತೇವಲ್ಲ, ಅದರಲ್ಲಿ ಯೆರೆಮೀಯ 29:11 ಸಿಕ್ಕಿದವರಿಗೆ ಬಹಳ ಸಂತೋಷ. ಹಿತದ ಯೋಚನೆ, ಒಳ್ಳೆಯ ಭವಿಷ್ಯ, ನಿರೀಕ್ಷೆ. ಅದು ಯೆರೂಸಲೇಮಿನಿಂದ ಸೆರೆಯಾಗಿ ಬಾಬೆಲಿಗೆ (ಬ್ಯಾಬಿಲೋನಿಗೆ) ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದದ ಒಂದು ಸಾಲು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯನೆಂಬವನು ಸುಳ್ಳು ಹೇಳಿದ್ದ. ಯೆರೆಮೀಯ ಎಪ್ಪತ್ತು ವರ್ಷ ಎಂದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಇರುವ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ ಎಂದ. ಪಿಜಿಯಲ್ಲಿದ್ದು ಊರಿನ ಕಡೆ ಮುಖ ಮಾಡಿ ಕೂತ ನಿನಗೆ 11ಕ್ಕಿಂತ 7ನೇ ವಚನವೇ ಹತ್ತಿರದ್ದು ಎಂದು ನನಗನ್ನಿಸುತ್ತದೆ. ಆ ಕಟ್ಟಡದಲ್ಲಿ ಅಡುಗೆ ಮಾಡುವವರ ಹೆಸರು ನಿನಗೆ ಗೊತ್ತೇ? ಅಲ್ಲಿಂದ ಶುರು ಮಾಡಬಹುದು.

ನಾವು ಹಿಡಿದುಕೊಂಡಿರುವ ಸತ್ಯವೇದದ (ಬೈಬಲಿನ) ಅಧ್ಯಾಯಗಳ ವಿಂಗಡಣೆ ಹದಿಮೂರನೇ ಶತಮಾನದ್ದು. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳನ್ನು 1551ರಲ್ಲಿ ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ ಹಾಕಿದ. ಅಪೊಸ್ತಲ ಪೌಲ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದದ್ದು ಪತ್ರ. ಊರಿಂದ ಬಂದ ಪತ್ರದಲ್ಲಿ ಒಂದು ಸಾಲು ಓದಿ ಯಾರೂ ಮಡಚಿಡುವುದಿಲ್ಲ. ವಾಟ್ಸಾಪ್‌ನ ಏಳು ವಾಕ್ಯಗಳಲ್ಲಿ ಒಂದನ್ನು ಆರಿಸಿಕೊಂಡು ಆ ಇಡೀ ಅಧ್ಯಾಯವನ್ನು ಸತ್ಯವೇದದಲ್ಲಿ ತೆಗೆದು ಓದು. ಯಾರು, ಯಾರಿಗೆ, ಯಾವ ಕಷ್ಟದಲ್ಲಿ ಹೇಳಿದರು ಎಂದು ನೋಡು. ಹದಿನೈದು ನಿಮಿಷ ಸಾಕು.

ಈಗ ನನ್ನ ತಪ್ಪು. ಬಹಳ ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಗಂಡನ ಏಟು ತಾಳಲಾರದೆ ನಮ್ಮ ಮನೆ ಬಾಗಿಲಿಗೆ ಬಂದಳು. ನಾನು ಮತ್ತಾಯ 18ನೇ ಅಧ್ಯಾಯ ತೆಗೆದು, ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಎಂದು ಹೇಳಿ, ಪ್ರಾರ್ಥನೆ ಮಾಡಿ ವಾಪಸ್ಸು ಕಳಿಸಿದೆ. ಮೂರು ವಾರದ ಮೇಲೆ ಅವಳನ್ನು ಆಸ್ಪತ್ರೆಯಲ್ಲಿ ನೋಡಿದೆ. ಅದೇ ಅಧ್ಯಾಯದಲ್ಲಿ ಕ್ಷಮೆಯ ಮಾತಿಗೆ ಮುಂಚೆಯೇ, ತಪ್ಪು ಮಾಡಿದವನಿಗೆ ಎದುರಾಗಿ ಹೇಳು, ಕೇಳದಿದ್ದರೆ ಸಾಕ್ಷಿಗಳನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂದಿದೆ. ಚಿಕ್ಕವರಿಗೆ ತೊಂದರೆ ಕೊಡುವವನ ಕುತ್ತಿಗೆಗೆ ಬೀಸುವ ಕಲ್ಲು ಕಟ್ಟುವ ಮಾತೂ ಅಲ್ಲಿಯೇ ಇದೆ. ನಾನು ನನಗೆ ಸುಲಭವಾದದ್ದನ್ನು ಮಾತ್ರ ಓದಿದ್ದೆ. ಅವಳ ಹತ್ತಿರ ಕ್ಷಮೆ ಕೇಳಿದ್ದೇನೆ, ಅವಳು ಕೊಟ್ಟಿದ್ದಾಳೆ. ನಿನಗೆ ಯಾರಾದರೂ ಒಂದು ವಚನ ತೋರಿಸಿ ಅನ್ಯಾಯವನ್ನು ಸಹಿಸಿಕೋ ಎಂದರೆ, ಆ ಪುಟವನ್ನು ನೀನೇ ಪೂರ್ತಿ ಓದು.

ಬೆಂಗಳೂರು, ಗೃಹಿಣಿ

ನಮ್ಮದು ಚಿಕ್ಕ ವಿಷಯ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡು, ಅವನು ಅದನ್ನೇ ನೆಚ್ಚಿಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡ 24:15ರಲ್ಲಿದೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನಿಗೆ ನಾನು 'ಇವರ ಸಂಬಳ ಆಗಲಿ' ಎಂದು ಐದನೇ ತಾರೀಖು, ಏಳನೇ ತಾರೀಖು ಮಾಡುತ್ತಿದ್ದೆ. ಅವರ ಮನೆ ಬಾಡಿಗೆ ಒಂದನೇ ತಾರೀಖು ಎಂದು ನನಗೆ ಹೊಳೆದೇ ಇರಲಿಲ್ಲ. ಈಗ ತಿಂಗಳ ಕೊನೆಯ ದಿನ ಸಂಜೆಯೇ ಕೊಡುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಅವರು ಬರಲಾಗದ ತಿಂಗಳುಗಳಲ್ಲೂ ಕೊಟ್ಟೆವು. ವಾರಕ್ಕೊಂದು ರಜೆಯನ್ನೂ ಕೊಡುತ್ತೇವೆ, ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ಆಜ್ಞೆಯಲ್ಲಿ ದಾಸದಾಸಿಯರೂ ಇದ್ದಾರಲ್ಲ.

ಕುವೈತ್, ನರ್ಸ್

ಸಿಸ್ಟರ್, ಇಲ್ಲಿ ಭಾನುವಾರ ಕೆಲಸದ ದಿನ, ನಮ್ಮ ಆರಾಧನೆ ಶುಕ್ರವಾರ. ಅದೂ ಶಿಫ್ಟ್ ಬಿಟ್ಟರೆ ಮಾತ್ರ. ಹಾಗಾಗಿ ಬಾಯಿಪಾಠ ಮಾಡಿದ್ದೇ ನನ್ನ ಚರ್ಚು. ನಾನು ಸಣ್ಣವಳಿದ್ದಾಗ ಅಜ್ಜಿ ಕಲಿಸಿದ ಬೈಬಲಿನ 121ನೇ ಕೀರ್ತನೆ ನೈಟ್ ಡ್ಯೂಟಿಯಲ್ಲಿ ವಾರ್ಡಿಂದ ವಾರ್ಡಿಗೆ ನಡೆಯುವಾಗ ಹೇಳಿಕೊಳ್ಳುತ್ತೇನೆ. ತೂಕಡಿಸದೆ ಕಾಯುವವನು ಎಂಬ ಮಾತು ರಾತ್ರಿ ಮೂರು ಗಂಟೆಗೆ ಕೇಳುವುದೇ ಬೇರೆ. ಎಂಟೇ ವಚನ, ಒಂದು ವಾರದಲ್ಲಿ ಬರುತ್ತದೆ.

ಚಿಕ್ಕ ರೋಗಿಯೊಬ್ಬಳು ತೀರಿಹೋದ ತಿಂಗಳು ನನ್ನಿಂದ ಪ್ರಾರ್ಥಿಸಲು ಆಗಲಿಲ್ಲ. ಆಗ 88ನೇ ಕೀರ್ತನೆ ಓದಿದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸ್ತೋತ್ರವಿಲ್ಲ. ದೇವರ ಗ್ರಂಥದಲ್ಲಿ ಅಂಥದ್ದಕ್ಕೂ ಜಾಗ ಇಟ್ಟಿದ್ದಾರೆ ಎಂದು ತಿಳಿದಾಗ ಉಸಿರಾಡಲು ಆಯಿತು.

ಬೀದರ್‌ನಿಂದ

ಅಣ್ಣನ ವಿಷಯಕ್ಕೆ ಯಾರೂ ಬರಲಿಲ್ಲ, ನಾನು ಬರುತ್ತೇನೆ. ನನಗೂ ತಮ್ಮನಿಗೂ ಎರಡು ಎಕರೆ ಹೊಲದ ಜಗಳ, ಮೂರು ವರ್ಷ ಮಾತಿರಲಿಲ್ಲ. ಚರ್ಚಿನಲ್ಲಿ ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ, ನಿನ್ನ ಮೇಲೆ ಸಹೋದರನಿಗೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂಬ ಮತ್ತಾಯ 5:23-24 ಓದಿದರು. ಎಷ್ಟೋ ಸಲ ಕೇಳಿದ್ದೆ. ಅವತ್ತು ನನ್ನ ಮೇಲೆ ಅವನಿಗಿರುವ ಸಿಟ್ಟು ಎಂಬುದು ಕಿವಿಗೆ ಬಿತ್ತು. ಅವನ ತಪ್ಪುಗಳನ್ನೇ ಎಣಿಸಿಕೊಂಡು ಕೂತಿದ್ದೆ. ಎದ್ದು ಹೊರಗೆ ಹೋಗಿ ಚರ್ಚಿನ ಕಾಂಪೌಂಡಿನಲ್ಲಿ ನಿಂತು ಫೋನ್ ಮಾಡಿದೆ. ಹೊಲದ ಮಾತು ಆಡಲಿಲ್ಲ. ಅವ್ವನ ಬಿ.ಪಿ. ವಿಷಯ ಕೇಳಿದೆ.

ಹೊಲ ಇನ್ನೂ ಇತ್ಯರ್ಥವಾಗಿಲ್ಲ. ಮಾತು ಶುರುವಾಗಿ ಐದು ವರ್ಷ ಆಯಿತು.

ತಂಗಿ, ಇನ್ನೊಂದು ಹೇಳುತ್ತೇನೆ. ಲೂಕ 12ರಲ್ಲಿ ಒಬ್ಬ ಬಂದು, ಬೋಧಕನೇ, ಆಸ್ತಿ ಪಾಲು ಮಾಡಿಕೊಡಲು ನನ್ನ ಅಣ್ಣನಿಗೆ ಹೇಳು ಅನ್ನುತ್ತಾನೆ. ಯೇಸುಸ್ವಾಮಿ ನ್ಯಾಯಾಧಿಪತಿಯಾಗಲು ಒಪ್ಪುವುದಿಲ್ಲ, ಲೋಭಕ್ಕೆ ಎಚ್ಚರವಾಗಿರಿ ಎಂದು ಇಬ್ಬರಿಗೂ ತಗಲುವಂತೆ ಹೇಳುತ್ತಾರೆ. ಪಾಲಿಗೆ ಕಾನೂನಿದೆ. ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಪ್ಪನ ಸ್ವತ್ತಿನಲ್ಲಿ ತಾಯಿಗೆ ಮೂರನೇ ಒಂದು, ಉಳಿದದ್ದರಲ್ಲಿ ಮಗನಿಗೂ ಮಗಳಿಗೂ ಸಮಪಾಲು. ವಕೀಲರನ್ನು ನೋಡಿ, ಕಾಗದ ತೋರಿಸಿ. ನಿಮ್ಮ ಪಾಲು ಕೇಳುವುದು ಪಾಪ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾಗದದ ಕೆಲಸ ಕಾಗದದಲ್ಲಿ ನಡೆಯಲಿ, ಅಣ್ಣನ ಜೊತೆ ಊಟ ಆಯ್ತಾ ಅನ್ನುವ ಮಾತು ಬೇರೆ ನಡೆಯಲಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಮೂರು ಸಲ ಓದಿದೆ. ಅಯ್ಯನವರೇ, ಅಡುಗೆಯವರ ಹೆಸರು ಗೊತ್ತಿರಲಿಲ್ಲ. ಇವತ್ತು ಕೇಳಿದೆ, ಅವರೂ ನಮ್ಮ ಕಡೆಯವರೇ, ರೋಣದವರು. ಅಣ್ಣನಿಗೆ 'ಊಟ ಆಯ್ತಾ' ಅಂತ ಮೆಸೇಜ್ ಹಾಕಿದ್ದೇನೆ. ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ.

ಹುಬ್ಬಳ್ಳಿಯಿಂದ, ಕಿರಾಣಿ ಅಂಗಡಿಯವರು

ಮೆಸೇಜ್ ಬ್ಯಾಡ ತಂಗಿ. ನಾಳೆ ಮುಂಜಾನೆ ಫೋನ್ ಹಚ್ಚರಿ. ನಾವು ಸಂಜಿಕೆ ಬಾಗಿಲು ಹಾಕೂ ಮುಂದ ನಿಮ್ಮಿಬ್ಬರ ಸಲುವಾಗಿ ಪ್ರಾರ್ಥನೆ ಮಾಡ್ತೀವಿ.