ಷೆಲ್ಲಿಗೆ ಸಿಕ್ಕಿ ಸತ್ತವನ ಸ್ಮಾರಕದಲ್ಲಿ ಕವಚ ತೊಟ್ಟ ನೈಟ್ ಏಕೆ?

ಪ್ರಶ್ನೆ:
ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1924ರಲ್ಲಿ ಅನಾವರಣಗೊಂಡ ಅಶ್ವದಳ ಸ್ಮಾರಕದ ಚಿತ್ರಗಳನ್ನು ನೋಡುತ್ತಿದ್ದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಸವಾರರ ನೆನಪಿಗಾಗಿ ನಿಲ್ಲಿಸಿದ ಆ ಕಂಚಿನ ಕುದುರೆಯ ಮೇಲಿರುವವನು ಖಾಕಿಯ ಸೈನಿಕನಲ್ಲ, ನೈಟ್ (ಮಧ್ಯಯುಗದ ಕುದುರೆ ಸವಾರ ಯೋಧ) ವೇಷದ, ಡ್ರ್ಯಾಗನನ್ನು ಕೊಂದ ಸಂತ ಜಾರ್ಜ್. ಅವನ ಕವಚಕ್ಕೆ ಮಾದರಿ ಹದಿನೈದನೆಯ ಶತಮಾನದ ಒಬ್ಬ ಅರ್ಲ್‌ನ ಸಮಾಧಿ ಪ್ರತಿಮೆ. ಆ ಯುದ್ಧದಲ್ಲಿ ಬಹುಪಾಲು ಸೈನಿಕರು ಕೊಂದವನ ಮುಖವನ್ನೂ ಕಾಣದೆ ಫಿರಂಗಿಯ ಷೆಲ್ಲುಗಳಿಗೆ ಬಲಿಯಾದರು. ಅಂಥ ಸಾವಿಗೆ ಈ ವೇಷ ತೊಡಿಸಿದ್ದು ಸತ್ಯವನ್ನು ಮರೆಮಾಚಲೆಂದೇ?

ಮೊದಲ ಉತ್ತರ:
ಮರೆಮಾಚುವ ಉದ್ದೇಶ ಇರಲಿಲ್ಲವೆಂದು ಹೇಳಲಾರೆ, ಆದರೆ ಅದೊಂದೇ ಕಾರಣವಲ್ಲ. ಲಕ್ಷಾಂತರ ಮನೆಗಳಿಗೆ ದೇಹ ಮರಳಲಿಲ್ಲ, ಎಷ್ಟೋ ಮಂದಿಯ ಗುರುತೇ ಉಳಿಯಲಿಲ್ಲ. 1920ರ ನವೆಂಬರ್ 11ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಜ್ಞಾತ ಯೋಧನನ್ನು ಹೂಳುವಾಗ ಐದನೆಯ ಜಾರ್ಜ್ ದೊರೆ ತನ್ನ ಸಂಗ್ರಹದಿಂದ ಕೊಟ್ಟ ಕ್ರುಸೇಡ್ (ಮಧ್ಯಯುಗದ ಕ್ರೈಸ್ತ ಧರ್ಮಯುದ್ಧ) ಮಾದರಿಯ ಖಡ್ಗವನ್ನು ಶವಪೆಟ್ಟಿಗೆಯ ಮೇಲೆ ಬಿಗಿದರು. ಯಾರ ಮಗನೆಂದು ತಿಳಿಯದವನಿಗೆ ರಾಜರ ನಡುವೆ ಜಾಗ, ಕೈಗೊಂದು ಕತ್ತಿ: ಮಗನ ಗೋರಿಯನ್ನೇ ಕಾಣದ ತಾಯಿಗೆ ಇದು ಪೊಳ್ಳಾಗಿ ತೋರಿರಲಿಕ್ಕಿಲ್ಲ.

ಸ್ಕಾಟ್ಲೆಂಡಿನ ಪೇಸ್ಲಿಯ ಸ್ಮಾರಕವನ್ನೂ ನೋಡಿ. ಅಲ್ಲಿ ಕುದುರೆಯೇರಿದ ಕ್ರುಸೇಡ್ ಯೋಧನ ಪಕ್ಕದಲ್ಲಿ ಕಂದಕದ ಉಡುಪಿನ ನಾಲ್ವರು ಸೈನಿಕರು ದಣಿದು ತಲೆ ತಗ್ಗಿಸಿ ನಡೆಯುತ್ತಾರೆ. ಶಿಲ್ಪಿ ಅವರ ಆಯಾಸವನ್ನು ಅಳಿಸಿಲ್ಲ. ನನಗೆ ಹೈಡ್ ಪಾರ್ಕಿನದಕ್ಕಿಂತ ಇದೇ ಪ್ರಾಮಾಣಿಕವಾಗಿ ಕಾಣುತ್ತದೆ.

ಎರಡನೆಯ ಉತ್ತರ:
ಜರ್ಮನಿಯ ಉದಾಹರಣೆ ಅಷ್ಟು ಸೌಮ್ಯವಲ್ಲ. 1410ರಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾದ ಸೇನೆ ಜರ್ಮನ್ ಕ್ರೈಸ್ತ ಯೋಧರ ಸಂಘವಾದ ಟ್ಯೂಟಾನಿಕ್ ನೈಟರನ್ನು ಟಾನೆನ್‌ಬರ್ಗ್ ಬಳಿ ಸೋಲಿಸಿತ್ತು. 1914ರಲ್ಲಿ ಜರ್ಮನರು ರಷ್ಯನ್ನರ ಮೇಲೆ ಗೆದ್ದ ಕದನ ಹೆಚ್ಚಾಗಿ ಬೇರೆ ಕಡೆ ನಡೆದಿದ್ದರೂ, ಹಳೆಯ ಸೋಲಿನ ಸೇಡು ತೀರಿತೆಂದು ತೋರಿಸಲು ಅದಕ್ಕೂ ಅದೇ ಹೆಸರಿಟ್ಟರು. 1927ರಲ್ಲಿ ಅಲ್ಲಿ ಎಂಟು ಗೋಪುರಗಳ ಕೋಟೆಯಂಥ ಸ್ಮಾರಕ ಉದ್ಘಾಟನೆಯಾಯಿತು. 1934ರಲ್ಲಿ ಹಿಟ್ಲರ್, 1914ರ ಆ ಕದನದ ಸೇನಾಪತಿ ಹಿಂಡೆನ್‌ಬರ್ಗ್‌ನನ್ನು ಅಲ್ಲಿಯೇ ಸಮಾಧಿ ಮಾಡಿಸಿದ. 1945ರ ಜನವರಿಯಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆಯೇ ಶವಪೆಟ್ಟಿಗೆಯನ್ನು ಸಾಗಿಸಿ ಗೋಪುರಗಳನ್ನು ಸ್ಫೋಟಿಸತೊಡಗಿತು. ಹಿಂಡೆನ್‌ಬರ್ಗ್ ಕೊನೆಗೆ ಸೇರಿದ್ದು ಮಾರ್ಬುರ್ಗ್‌ನ ಚರ್ಚಿಗೆ, ಅದನ್ನು ಕಟ್ಟಿಸಿದವರೂ ಟ್ಯೂಟಾನಿಕ್ ನೈಟರೇ! ಇಲ್ಲಿ ಮಧ್ಯಯುಗ ಸಾಂತ್ವನಕ್ಕಿಂತ ಹೆಚ್ಚಾಗಿ ಮುಂದಿನ ಯುದ್ಧಕ್ಕೆ ನೆಪವಾಯಿತು.

ಮೂರನೆಯ ಉತ್ತರ:
ಖಡ್ಗವನ್ನು ನೋಡುವಾಗ ಅದು ಯಾರನ್ನು ಹೊರಗಿಡುತ್ತದೆ ಎಂಬುದನ್ನೂ ಕೇಳಬೇಕು. 1917ರಲ್ಲಿ ಜೆರುಸಲೇಮ್ ಬ್ರಿಟಿಷರ ವಶವಾದಾಗ ಬ್ರಿಟನ್ನಿನ ಪತ್ರಿಕೆಯೊಂದು ಅದನ್ನು ಕೊನೆಯ ಕ್ರುಸೇಡ್ ಎಂದು ವ್ಯಂಗ್ಯಚಿತ್ರದಲ್ಲಿ ಮೆರೆಸಿತು. ಆದರೆ ಪ್ಯಾಲೆಸ್ಟೈನ್ ರಣರಂಗದಲ್ಲಿ ಹೋರಾಡಿದವರಲ್ಲಿ ಹಿಂದೂ, ಮುಸ್ಲಿಂ, ಸಿಖ್ ಸೈನಿಕರು ಬಹಳಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಇವರನ್ನು ಯಾವ ಕ್ರುಸೇಡಿಗೆ ಸೇರಿಸುವುದು? ಫ್ರಾನ್ಸಿನ ನ್ಯೂವ್ ಶಪೆಲ್‌ನಲ್ಲಿ 1927ರಲ್ಲಿ ಅನಾವರಣಗೊಂಡ ಭಾರತೀಯ ಸ್ಮಾರಕಕ್ಕೆ ಕಮಲದ ಶಿಖರವಿರುವ ಸ್ತಂಭ ಮತ್ತು ಎರಡು ಹುಲಿಗಳನ್ನು ಆರಿಸಿಕೊಂಡದ್ದು ಈ ತೊಡಕಿನ ಅರಿವಿನಿಂದಲೇ ಇರಬೇಕು.

ನಮ್ಮ ವೀರಗಲ್ಲನ್ನು ಇದಕ್ಕೆ ಹೋಲಿಸುವಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸವಿರುವ ಆ ಕಲ್ಲು, ತುರುಗಳನ್ನು ಉಳಿಸಲು ಹೋಗಿ ಸತ್ತವನಿಗಾಗಿ ಅವನ ಕಾಲದವರೇ ನಿಲ್ಲಿಸಿದ್ದು. ಶಾಸನವಿದ್ದರೆ ಅವನ ಹೆಸರೂ ಇರುತ್ತದೆ. ಅದು ಎರವಲು ತಂದ ಗತಕಾಲವಲ್ಲ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದ ಎತ್ತರದ ಏಕಶಿಲೆಗೂ ವೀರಗಲ್ಲು ಎಂದು ಹೆಸರಿಟ್ಟಾಗ ಮಾತ್ರ ನಾವೂ ಹೈಡ್ ಪಾರ್ಕಿನವರ ದಾರಿಯನ್ನೇ ಹಿಡಿದೆವು. ಆದರೂ ಅಲ್ಲಿಗೆ ಬಂದವರು ಹೆಚ್ಚು ಹೊತ್ತು ನಿಲ್ಲುವುದು ಹೆಸರುಗಳನ್ನು ಕೆತ್ತಿದ ಕಲ್ಲುಗಳ ಮುಂದೆ.