‘ಫೆಚ್’ ಅಂದರೆ ‘ಹಿಂಪಡೆ’ ಸರಿಯೇ?

ಒಂದು ಕ್ರಿಯಾಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಿತ್ತು. ಪಿಎಚ್‌ಪಿ ಮತ್ತು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಯುವವರಿಗಾಗಿ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಡೇಟಾಬೇಸಿಗೆ ಕ್ವೆರಿ (ಇಂಥ ಮಾಹಿತಿ ಬೇಕು ಅನ್ನುವ ಕೋರಿಕೆ) ಕಳಿಸಿ, ಬಂದ ಉತ್ತರದಿಂದ ಒಂದೊಂದೇ ಸಾಲನ್ನು ಕೈಗೆ ತೆಗೆದುಕೊಳ್ಳುವ ಭಾಗ ಈಗ ನಡೆಯುತ್ತಿದೆ. ಈ ಕೆಲಸಕ್ಕೆ ಪ್ರೋಗ್ರಾಂ ಬರೆಯುವವರು ‘ಫೆಚ್’ ಅಂತಾರೆ. ಕನ್ನಡದಲ್ಲಿ ಬರೆಯುವಾಗ ‘ಹಿಂಪಡೆ’ ಅಂತ ಹಾಕುವ ರೂಢಿ ಇದೆ. ನನಗೆ ಅದು ಹಿಡಿಸುತ್ತಿಲ್ಲ.

ನಾಮಪತ್ರ ಹಿಂಪಡೆದರು, ದೂರು ಹಿಂಪಡೆದರು, ಹೇಳಿಕೆ ಹಿಂಪಡೆದರು ಅಂತ ದಿನಾ ಓದುತ್ತೇವೆ. ಹಿಂಪಡೆದ ಮೇಲೆ ಅದು ಅಲ್ಲಿ ಉಳಿಯುವುದಿಲ್ಲ, ಅಲ್ವಾ? ಹಾಗಿರುವಾಗ ‘ಟೇಬಲ್‌ನಿಂದ ಸಾಲನ್ನು ಹಿಂಪಡೆಯಿರಿ’ ಅಂತ ಓದಿದ ಹೊಸಬರು, ಸಾಲು ಅಳಿಸಿ ಹೋಯಿತು ಅಂದುಕೊಂಡರೆ ಅವರ ತಪ್ಪೇನೂ ಇಲ್ಲ. ನಿಜದಲ್ಲಿ ಟೇಬಲ್‌ನಲ್ಲಿ ಒಂದಕ್ಷರವೂ ಅಲುಗಾಡುವುದಿಲ್ಲ. ಅಳಿಸುವುದಕ್ಕೆ ‘ಡಿಲೀಟ್’ ಅಂತ ಬೇರೆಯೇ ಆಜ್ಞೆ ಇದೆ.

ಇನ್ನೊಂದು ಕಡೆ ಮಾತ್ರ ‘ಹಿಂಪಡೆ’ ಅರ್ಧ ನಿಜವೂ ಹೌದು. ಕ್ವೆರಿ ಓಡಿದಾಗ ಸಿಗುವ ಉತ್ತರದಲ್ಲಿ ‘ಎಲ್ಲಿಯವರೆಗೆ ಓದಿದ್ದಾಯಿತು’ ಅನ್ನುವ ಗುರುತು ಇರುತ್ತದೆ, ಪ್ರತಿ ಸಲ ಫೆಚ್ ಮಾಡಿದಾಗ ಅದು ಮುಂದಿನ ಸಾಲಿಗೆ ಜರುಗುತ್ತದೆ, ತಾನಾಗಿ ಹಿಂದೆ ಬರುವುದಿಲ್ಲ. ಅದಕ್ಕೇ ಒಂದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು) ಮುಗಿದ ಮೇಲೆ ಅದೇ ಉತ್ತರದ ಮೇಲೆ ಇನ್ನೊಂದು ಫೆಚ್ ಲೂಪ್ ಓಡಿಸಿದರೆ ಏನೂ ಸಿಗುವುದಿಲ್ಲ. ಪಿಎಚ್‌ಪಿಯಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸಲು ಇರುವ ಮೈಎಸ್‌ಕ್ಯೂಎಲ್‌ಐನಲ್ಲಾದರೆ ‘ಡೇಟಾ ಸೀಕ್’ ಬಳಸಿ ಗುರುತನ್ನು ಮತ್ತೆ ಮೊದಲಿಗೆ ತರಬಹುದು. ಪೈಥಾನ್‌ನಲ್ಲಿ ಸಾಮಾನ್ಯವಾಗಿ ಕ್ವೆರಿಯನ್ನೇ ಮತ್ತೆ ಓಡಿಸಬೇಕು, ಇಲ್ಲವೇ ಮೊದಲೇ ಎಲ್ಲವನ್ನೂ ಒಂದು ಲಿಸ್ಟಿಗೆ ಹಾಕಿಟ್ಟುಕೊಳ್ಳಬೇಕು. ಹಾಗಾಗಿ ನಮಗೆ ಬೇಕಾದ ಪದ, ಟೇಬಲ್ ಖಾಲಿಯಾಗುತ್ತದೆ ಅಂತ ಅನ್ನಿಸಬಾರದು, ಆದರೆ ಸರದಿ ಮುಂದೆ ಹೋಗುತ್ತದೆ ಅನ್ನುವುದಕ್ಕೆ ಅಡ್ಡ ಬರಲೂ ಬಾರದು.

‘ಹೆಕ್ಕು’ ಅಂದರೆ ಹೇಗೆ ಅಂತ ಯೋಚಿಸಿದೆ. ಕೇಳಲು ಚೆನ್ನಾಗಿದೆ, ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದಾಗಿ. ಆದರೆ ಹೆಕ್ಕುವುದರಲ್ಲಿ ಆರಿಸುವ ಅರ್ಥವೂ ಸೇರಿದೆ. ಫೆಚ್‌ನಲ್ಲಿ ಆರಿಸುವ ಮಾತೇ ಇಲ್ಲ, ಸರದಿಯಲ್ಲಿ ಯಾವುದು ಮುಂದಿದೆಯೋ ಅದೇ ಬರುತ್ತದೆ. ಆರಿಸುವ ಕೆಲಸವನ್ನು ಕ್ವೆರಿಯಲ್ಲಿರುವ ‘ಸೆಲೆಕ್ಟ್’ ಆಜ್ಞೆ ಮೊದಲೇ ಮಾಡಿ ಮುಗಿಸಿರುತ್ತದೆ. ‘ತೆಗೆ’ ಅಂದರೆ ಮತ್ತೆ ಅಳಿಸುವ ಅರ್ಥಕ್ಕೇ ಹೋಗುತ್ತದೆ.

ಸದ್ಯಕ್ಕೆ ನನ್ನ ಒಲವು ‘ತರಿಸಿಕೊ’ ಕಡೆಗೆ. ಪೈಥಾನ್‌ನಲ್ಲಿ ಡೇಟಾಬೇಸ್ ಬಳಸುವ ರೀತಿಯನ್ನು ಗೊತ್ತುಮಾಡುವ ಪಿಇಪಿ 249 ಅನ್ನುವ ದಾಖಲೆ ಹೇಳುವ ಮೂರು ಹೆಸರಿಗೂ ಇದು ಸಲೀಸಾಗಿ ಹೊಂದುತ್ತದೆ. ‘ಫೆಚ್‌ಒನ್’ ಅಂದರೆ ಒಂದು ತರಿಸಿಕೊ, ‘ಫೆಚ್‌ಮೆನಿ’ ಅಂದರೆ ಕೆಲವು ತರಿಸಿಕೊ, ‘ಫೆಚ್‌ಆಲ್’ ಅಂದರೆ ಉಳಿದದ್ದೆಲ್ಲ ತರಿಸಿಕೊ. ಕೊನೆಯದರಲ್ಲಿ ‘ಉಳಿದದ್ದು’ ಅನ್ನುವುದು ಬೇಕೇ ಬೇಕು, ಏಕೆಂದರೆ ಆಗಲೇ ಎರಡು ಸಾಲು ಓದಿದ್ದರೆ ಅದು ಮೂರನೆಯದರಿಂದಲೇ ಕೊಡುತ್ತದೆ. ಒಂದೇ ಒಂದು ತಕರಾರಿದೆ. ಮೈಎಸ್‌ಕ್ಯೂಎಲ್‌ಐನಲ್ಲಿ ಬೇರೆ ಏನೂ ಹೇಳದಿದ್ದರೆ, ಕ್ವೆರಿ ಓಡಿದಾಗಲೇ ಎಲ್ಲ ಸಾಲುಗಳೂ ಸರ್ವರ್‌ನಿಂದ ನಮ್ಮ ಕಡೆಯ ಮೆಮೊರಿಗೆ ಬಂದು ಕೂತಿರುತ್ತವೆ. ಫೆಚ್ ಮಾಡುವುದು ಅಲ್ಲಿಂದ ಒಂದನ್ನು ಎತ್ತಿ ಕೊಡುವ ಕೆಲಸ ಅಷ್ಟೇ. ಆಗ ‘ತರಿಸಿಕೊ’ ಅನ್ನುವುದು ಸ್ವಲ್ಪ ಸುಳ್ಳಾಗುತ್ತದೆ. ಕಲಿಯುವವರಿಗೆ ಅದು ಅಡ್ಡಿಯಾಗಲಾರದು ಅಂತ ನನ್ನ ಅನಿಸಿಕೆ, ಸಾಲು ವೇರಿಯಬಲ್‌ಗೆ (ಬೆಲೆಯನ್ನು ಹಿಡಿದಿಡುವ ಹೆಸರಿಗೆ) ಬಂತು ಅಂತ ಗೊತ್ತಾದರೆ ಸಾಕು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ. ಕ್ವೆರಿ ಓಡಿಸಿದಾಗ ಸಿಗುವುದಕ್ಕೆ ‘ಫಲಿತಾಂಶ’ ಅಂದುಬಿಡುತ್ತೇವೆ. ಫಲಿತಾಂಶ ಕೈಗೆ ಬಂತು ಅಂದಮೇಲೆ ಹೊಸಬರು ಅದನ್ನೇ ನೇರವಾಗಿ ಪ್ರಿಂಟ್ ಮಾಡಲು ಹೋಗುತ್ತಾರೆ, ಈ ಆಬ್ಜೆಕ್ಟನ್ನು ಸ್ಟ್ರಿಂಗ್ ಮಾಡಲಾಗದು ಅಂತ ಪಿಎಚ್‌ಪಿ ತಕರಾರು ತೆಗೆಯುತ್ತದೆ. ಅದು ಇನ್ನೂ ಬಿಚ್ಚದ ಕಟ್ಟು, ಒಳಗಿನ ಸಾಲುಗಳಲ್ಲ. ‘ಫಲಿತಾಂಶದ ಕಟ್ಟು’ ಅಂದರೆ ಹೇಗೆ? ಸುಮ್ನೆ ‘ಕಟ್ಟು’ ಅಂದರೂ ನಡೆದೀತು.

‘ಏನೂ ಇಲ್ಲ’ ಅಂತ ಸೂಚಿಸುವ ‘ನಲ್’ ಅನ್ನುವುದಕ್ಕೆ ‘ಶೂನ್ಯ’ ಅಂತ ಬರೆಯುವುದನ್ನಂತೂ ಬಿಟ್ಟುಬಿಡೋಣ ಅನ್ನುತ್ತೇನೆ. ಸಾಲುಗಳು ಮುಗಿದಾಗ ಮೈಎಸ್‌ಕ್ಯೂಎಲ್‌ಐ ‘ನಲ್’ ಕೊಡುತ್ತದೆ, ಪಿಎಚ್‌ಪಿಯಲ್ಲೇ ಡೇಟಾಬೇಸ್ ಬಳಸುವ ಇನ್ನೊಂದು ದಾರಿಯಾದ ಪಿಡಿಒ ‘ಫಾಲ್ಸ್’ (ಸುಳ್ಳು) ಕೊಡುತ್ತದೆ, ಪೈಥಾನ್‌ನ ಫೆಚ್‌ಒನ್ ‘ನನ್’ ಕೊಡುತ್ತದೆ. ಯಾವುದೂ 0 ಅಲ್ಲ. ಇದು ಬರೀ ಪದದ ಜಗಳವಲ್ಲ. ಪಿಡಿಒದಲ್ಲಿ ಸಾಲಿನ ಒಂದೇ ಕಾಲಂನ ಬೆಲೆ ಕೊಡುವ ‘ಫೆಚ್ ಕಾಲಂ’ ಬಳಸಿ ವೈಲ್ ಲೂಪ್ ಬರೆದಾಗ, ನಡುವೆ ಎಲ್ಲೋ ಬೆಲೆ 0 ಇರುವ ಸಾಲು ಬಂದರೆ, ಲೂಪ್ 0 ಅನ್ನೂ ಫಾಲ್ಸ್ ಅಂತಲೇ ಎಣಿಸಿ ‘ಮುಗಿಯಿತು’ ಅಂದುಕೊಂಡು ಅಲ್ಲೇ ನಿಲ್ಲುತ್ತದೆ. ಯಾವ ದೋಷವನ್ನೂ ತೋರಿಸುವುದಿಲ್ಲ, ಉಳಿದ ಸಾಲುಗಳು ಕಾಣುವುದಿಲ್ಲ ಅಷ್ಟೇ. ಫಾಲ್ಸ್ ಹೌದೋ ಅಲ್ಲವೋ ಅಂತ ಮೂರು ಸಮಚಿಹ್ನೆ (===, 0 ಮತ್ತು ಫಾಲ್ಸ್ ಬೇರೆ ಅಂತ ಗುರುತಿಸುವ ಹೋಲಿಕೆ) ಹಾಕಿ ನೋಡಬೇಕು. ಹೀಗಿರುವಾಗ ಸೊನ್ನೆಗೂ ‘ಏನೂ ಇಲ್ಲ’ದ್ದಕ್ಕೂ ಪಾಠದಲ್ಲಿ ಒಂದೇ ಪದ ಇಟ್ಟರೆ ವಿವರಿಸುವುದಾದರೂ ಹೇಗೆ? ನಾನು ‘ನಲ್’ ಅಂತಲೇ ಬಿಟ್ಟಿದ್ದೇನೆ.

ಟೇಬಲ್‌ನ ‘ರೋ’ಗೆ ‘ಸಾಲು’, ‘ಕಾಲಂ’ಗೆ ‘ಕಾಲಂ’ ಅಂತಲೇ. ಇವುಗಳ ಬಗ್ಗೆ ನನಗೆ ಗೊಂದಲವಿಲ್ಲ. ‘ಕಂಬಸಾಲು’ ಅನ್ನುವವರೂ ಇದ್ದಾರೆ, ಆದರೆ ಅದರಲ್ಲೂ ‘ಸಾಲು’ ಇರುವುದರಿಂದ ಒಂದೇ ವಾಕ್ಯದಲ್ಲಿ ಎರಡೂ ಬಂದಾಗ ಓದು ತಡವರಿಸುತ್ತದೆ.

‘ತರಿಸಿಕೊ’ಗಿಂತ ಚಿಕ್ಕದು, ಇದೇ ಅರ್ಥ ಕೊಡುವುದು ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ. ‘ಫೆಚ್ ಮಾಡು’ ಅಂತಲೇ ಇಟ್ಟುಕೊಳ್ಳೋಣ ಅನ್ನುವವರೂ ಹೇಳಬಹುದು, ನನ್ನದೇನೂ ಹಟವಿಲ್ಲ. ‘ಹಿಂಪಡೆ’ಯೇ ಸರಿ ಅನ್ನುವವರು ಮಾತ್ರ ‘ಫೆಚ್‌ಆಲ್’ ಅನ್ನು ಹೊಸಬರಿಗೆ ಹೇಗೆ ವಿವರಿಸುತ್ತೀರಿ ಅಂತ ಒಂದು ವಾಕ್ಯ ಬರೆದು ತೋರಿಸಿ.